ಕೋಶ ಮತ್ತು ಅದರ ನೆರೆಹೊರೆ: ಮಾನವ ಕೊಬ್ಬನ್ನು ಹಂದರದಲ್ಲಿ ಬೆಳೆಸುವ ವಿಜ್ಞಾನ



ದೇಹದಲ್ಲಿ ಕೊಬ್ಬು ಹೆಚ್ಚಾದರೆ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ಈಗ ಮನೆಮಾತು. ಕೊಬ್ಬು ಇಲ್ಲವೇ ಇಲ್ಲದಿದ್ದರೂ ಅದೇ ಕಾಯಿಲೆ ಬರುತ್ತದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಲೈಪೋಡಿಸ್ಟ್ರಫಿ ಎಂಬ ಅಪರೂಪದ ರೋಗಗಳ ಗುಂಪೊಂದಿದೆ. ಅದರ ತೀವ್ರ ಬಗೆಯಲ್ಲಿ ಮಗು ಹುಟ್ಟುವಾಗಲೇ ಚರ್ಮದಡಿ ಕೊಬ್ಬು ಇರುವುದಿಲ್ಲ. ಕೈಕಾಲಿನ ಸ್ನಾಯುಗಳು, ರಕ್ತನಾಳಗಳು ಎದ್ದು ಕಾಣುತ್ತವೆ. ಆ ಮಕ್ಕಳು ಬೆಳೆದಂತೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ದೇಹ ಇನ್ಸುಲಿನ್ನಿನ ಮಾತು ಕೇಳದೆ ಮಧುಮೇಹ ಕಾಣಿಸಿಕೊಳ್ಳುತ್ತದೆ. ತಳಿವಿಜ್ಞಾನದ ಉಪಾಯದಿಂದ ಇದೇ ರೀತಿ ಕೊಬ್ಬಿಲ್ಲದಂತೆ ಮಾಡಿದ ಇಲಿಗಳಿಗೆ ಬೇರೆ ಇಲಿಗಳ ಕೊಬ್ಬನ್ನು ನಾಟಿ ಮಾಡಿದರೆ ಅವುಗಳ ಸಕ್ಕರೆ ಇಳಿಯುತ್ತದೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೊಬ್ಬು ಕಡಿಮೆಯಾಗಿ ಕಾಯಿಲೆ, ಕೊಬ್ಬು ಸೇರಿಸಿದರೆ ಗುಣ!

ಹಾಗಾದರೆ ತೂಕದ ಲೆಕ್ಕವೊಂದೇ ಇಲ್ಲಿ ಸಾಲದು. ಊಟದ ಬಳಿಕ ರಕ್ತಕ್ಕೆ ಬರುವ ಕೊಬ್ಬಿನಾಂಶವನ್ನು ಒಳಗೆಳೆದು ಭದ್ರವಾಗಿಡುವುದು, ಹಸಿವಾದಾಗ ಅಳತೆಯಿಂದ ಹೊರಬಿಡುವುದು, ತನ್ನ ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ತಿಳಿಸುವುದು, ಇವೆಲ್ಲ ಕೊಬ್ಬಿನ ಅಂಗಾಂಶದ ಕೆಲಸಗಳು. 1994ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಆ ಸುದ್ದಿಯನ್ನು ಮಿದುಳಿಗೆ ಒಯ್ಯುವ ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆ ಮಾಡಿದಂದಿನಿಂದ ಕೊಬ್ಬನ್ನು ಹಾರ್ಮೋನು ಸ್ರವಿಸುವ ಅಂಗವೆಂದು ಒಪ್ಪದೆ ಗತ್ಯಂತರವಿಲ್ಲದಾಯಿತು. ಅಂಗವೆಂದ ಮೇಲೆ ಅದರ ಕೆಲಸ ಕೆಡುವುದು ಎಲ್ಲಿ, ಹೇಗೆ ಎಂದು ಕೇಳಬೇಕಾಗುತ್ತದೆ. ಈ ಉಪನ್ಯಾಸದಲ್ಲಿ ನಾನು ಮಂಡಿಸಬಯಸುವ ವಾದ ಇಷ್ಟು: ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಕೋಶದ ಗುಣವನ್ನೂ ಅದರ ನೆರೆಹೊರೆಯ ಗುಣವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಲ್ಲ ಸಾಧನ ನಮಗೆ ಬೇಕು; ಮಾನವ ಕೊಬ್ಬಿನ ಕೋಶಗಳನ್ನು ಮೂರು ಆಯಾಮದ ಹಂದರದಲ್ಲಿ ಬೆಳೆಸುವ ವಿದ್ಯೆಯ ನಿಜವಾದ ಬೆಲೆ ಇರುವುದು ಅಲ್ಲಿ. ಬಳ್ಳಿಗೆ ಚಪ್ಪರ ಹೇಗೋ ಹಾಗೆ ಕೋಶಗಳು ಹಬ್ಬಿ ನೆಲೆಯೂರಲು ಒದಗಿಸುವ, ರಂಧ್ರಗಳಿಂದ ತುಂಬಿದ ಮೆತ್ತನೆಯ ಆಸರೆಯನ್ನು ನಾನು ಇಲ್ಲಿ ಹಂದರ ಎನ್ನುತ್ತಿದ್ದೇನೆ.

ಮೊದಲು ಕೋಶವನ್ನೇ ನೋಡೋಣ. ಮನುಷ್ಯನ ಬಿಳಿ ಕೊಬ್ಬಿನ ಕೋಶದ ವ್ಯಾಸ ಸುಮಾರು 20ರಿಂದ 200 ಮೈಕ್ರಾನುಗಳವರೆಗೆ ಇರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ವ್ಯಾಸ ಹತ್ತು ಪಟ್ಟಾದರೆ ಗಾತ್ರ ಸಾವಿರ ಪಟ್ಟಾಗುತ್ತದೆ. ದೇಹದ ಬೇರೆ ಕೋಶಗಳಲ್ಲಿ ಇಷ್ಟು ಹಿಗ್ಗುವ ಶಕ್ತಿ ಕಾಣುವುದು ಅಪರೂಪ. ಒಳಗೆ ಒಂದೇ ಒಂದು ದೊಡ್ಡ ಎಣ್ಣೆಹನಿ. ಕೋಶಕೇಂದ್ರ, ಕೋಶರಸ ಎಲ್ಲವೂ ಆ ಹನಿಯ ಒತ್ತಡಕ್ಕೆ ಅಂಚಿಗೆ ಸರಿದು ತೆಳ್ಳನೆಯ ಪದರವಾಗಿರುತ್ತವೆ. ಹೊರಗೆ ಕೊಲ್ಯಾಜೆನ್, ಲ್ಯಾಮಿನಿನ್ ಮುಂತಾದ ಪ್ರೋಟೀನುಗಳ ತೆಳುಪೊರೆ. ಪಕ್ಕದಲ್ಲೇ ಲೋಮನಾಳ. ಆಚೆ ಈಚೆ ಇನ್ನೂ ಬಲಿಯದ ಪೂರ್ವಕೋಶಗಳು, ರೋಗನಿರೋಧಕ ಕೋಶಗಳು, ನರದ ಎಳೆಗಳು. ಕೊಬ್ಬಿನ ತೂಕದ ಬಹುಭಾಗ ಈ ದೊಡ್ಡ ಕೋಶಗಳದ್ದಾದರೂ ಎಣಿಕೆಯಲ್ಲಿ ಅವು ಅಲ್ಪಸಂಖ್ಯಾತರು.

ಇಂಥ ಕೋಶವನ್ನು ದೇಹದ ಹೊರಗೆ ಅಭ್ಯಾಸ ಮಾಡುವುದಕ್ಕೆ ದಾರಿ ತೆರೆದವರು ಅಮೆರಿಕದ ಮಾರ್ಟಿನ್ ರಾಡ್‌ಬೆಲ್. 1964ರಲ್ಲಿ ಅವರು ಕೊಲ್ಯಾಜಿನೇಸ್ ಎಂಬ ಕಿಣ್ವದಿಂದ ಅಂಗಾಂಶದ ನಾರನ್ನು ಕರಗಿಸಿ ಕೊಬ್ಬಿನ ಕೋಶಗಳನ್ನು ಬಿಡಿಬಿಡಿಯಾಗಿ ಪಡೆಯುವ ವಿಧಾನವನ್ನು ಪ್ರಕಟಿಸಿದರು. ಎಣ್ಣೆ ತುಂಬಿದ ಕೋಶಗಳು ದ್ರಾವಣದ ಮೇಲೆ ತೇಲುತ್ತವೆ, ಉಳಿದವು ತಳ ಸೇರುತ್ತವೆ. ಬಗೆಬಗೆಯ ಹಾರ್ಮೋನುಗಳು ಈ ಕೋಶಗಳ ಮೇಲೆ ಹೇಗೆ ಕೆಲಸ ಮಾಡುತ್ತವೆಂದು ಕೇಳುತ್ತಾ ಹೋದ ಅವರು ಕೊನೆಗೆ, ಹೊರಗಿನ ಸಂಕೇತವನ್ನು ಕೋಶದೊಳಕ್ಕೆ ದಾಟಿಸುವ ಜಿ-ಪ್ರೋಟೀನುಗಳ ಶೋಧಕ್ಕೆ ನೊಬೆಲ್ ಪಡೆದರು. ಆ ವರ್ಷವೂ ಲೆಪ್ಟಿನ್ನಿನ 1994 ಎಂಬುದು ಕೇವಲ ಕಾಕತಾಳೀಯ. ರಾಡ್‌ಬೆಲ್ ವಿಧಾನದ ಕೊರತೆಯೆಂದರೆ ತೇಲುವ ಕೋಶಗಳು ದುರ್ಬಲ, ಅಲ್ಪಾಯುಷಿಗಳು. ತಳಕ್ಕೆ ಅಂಟಿಕೊಳ್ಳದ ಕೋಶವನ್ನು ತಳದ ಮೇಲೆ ಸಾಕುವುದು ಹೇಗೆ? 1980ರ ದಶಕದಲ್ಲಿ ಜಪಾನಿನ ಸಂಶೋಧಕರು ಚತುರ ಉಪಾಯ ಮಾಡಿದರು: ಫ್ಲಾಸ್ಕಿನಲ್ಲಿ ಪೋಷಕ ದ್ರಾವಣವನ್ನು ಕಂಠಪೂರ್ತಿ ತುಂಬಿ, ತೇಲುವ ಕೋಶಗಳು ಮೇಲ್ಛಾವಣಿಗೆ ಅಂಟುವಂತೆ ಮಾಡಿದರು. ಕೋಶಗಳು ಅಂಟಿದವು, ಬದುಕಿದವು. ಆದರೆ ದಿನ ಕಳೆದಂತೆ ಒಳಗಿನ ಎಣ್ಣೆಯನ್ನು ಬಿಟ್ಟುಕೊಟ್ಟು, ಉದ್ದುದ್ದನೆ ಚಾಚಿ, ಕೊಬ್ಬಿನ ಕೋಶವೆಂಬ ಗುರುತನ್ನೇ ಕಳೆದುಕೊಂಡವು. ಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಉಳಿಯಲು ಕೋಶ ತನ್ನತನವನ್ನೇ ತೆರಬೇಕಾಯಿತು. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ದಾರಿಯನ್ನು ಹಾವರ್ಡ್ ಗ್ರೀನ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದ ನಡುವಿನಲ್ಲಿ ಹಾಕಿಕೊಟ್ಟರು. ಇಲಿಯ ಭ್ರೂಣದಿಂದ ಬಂದ ಕೋಶವಂಶವೊಂದರಲ್ಲಿ ಕೆಲವು ಕೋಶಗಳು ತಾವಾಗಿಯೇ ಎಣ್ಣೆ ತುಂಬಿಕೊಳ್ಳುವುದನ್ನು ಕಂಡು ಅವನ್ನು ಆರಿಸಿ ಬೆಳೆಸಿದರು. 3ಟಿ3-ಎಲ್1 ಎಂಬ ಈ ವಂಶ ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಚಪ್ಪಟೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ ಇನ್ಸುಲಿನ್, ಡೆಕ್ಸಾಮೆಥಸೋನ್ ಮೊದಲಾದವುಗಳ ಮಿಶ್ರಣ ಕೊಟ್ಟರೆ ಒಂದೆರಡು ವಾರದಲ್ಲಿ ಕೋಶಗಳು ಕೊಬ್ಬು ತುಂಬಿಕೊಳ್ಳುತ್ತವೆ. ಪೂರ್ವಕೋಶ ಕೊಬ್ಬಿನ ಕೋಶವಾಗಲು ಪಿಪಿಎಆರ್-ಗಾಮಾ ಎಂಬ ಪ್ರೋಟೀನು ಹೇಗೆ ಅಪ್ಪಣೆ ಕೊಡುತ್ತದೆ, ಇನ್ಸುಲಿನ್ ಬಂದಾಗ ಗ್ಲೂಕೋಸಿಗೆ ಬಾಗಿಲು ತೆರೆಯುವ ಗ್ಲುಟ್-4 ಹೇಗೆ ಕೋಶದ ಮೇಲ್ಮೈಗೆ ಬರುತ್ತದೆ ಎಂಬ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಈ ಕೋಶಗಳ ಕೊಡುಗೆ. ಚಪ್ಪಟೆ ತಟ್ಟೆಯ ಕೃಷಿಯನ್ನು ಹಳಿಯುವ ಮುನ್ನ ಈ ಋಣವನ್ನು ನೆನೆಯಬೇಕು.

ಹಾಗಿದ್ದರೂ ಆ ತಟ್ಟೆಯೊಳಗಿನ ಲೋಕ ಎಂಥದು? ಅಲ್ಲಿನ ಕೋಶಗಳಲ್ಲಿ ಒಂದು ದೊಡ್ಡ ಹನಿಯ ಬದಲು ಹತ್ತಾರು ಸಣ್ಣ ಹನಿಗಳಿರುತ್ತವೆ. ಕಾಲಡಿಯ ಪಾಲಿಸ್ಟೈರೀನ್ ನಮ್ಮ ಕೊಬ್ಬಿನ ಅಂಗಾಂಶಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಗಡಸು. ಕೋಶ ತಾನು ನಿಂತ ನೆಲವನ್ನು ಸದಾ ಜಗ್ಗಿ ನೋಡುತ್ತಿರುತ್ತದೆ. ನೆಲ ಬಗ್ಗದಿದ್ದರೆ ಅದರೊಳಗೆ ಒತ್ತಡದ ಎಳೆಗಳು ಬಿಗಿದು, ಕೊಬ್ಬು ತುಂಬಿಕೊಳ್ಳುವ ಬದಲು ನಾರು ನೇಯುವ ಕಡೆಗೆ ಅದು ವಾಲುತ್ತದೆ. ನೆಲದ ಮೆದುತನ ಮಾತ್ರದಿಂದಲೇ ಆಕರಕೋಶಗಳ (ಸ್ಟೆಮ್ ಸೆಲ್) ಹಣೆಬರಹ ಬದಲಾಗಬಲ್ಲದೆಂದು 2006ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದು ತೋರಿಸಿಕೊಟ್ಟಿತು. ಇನ್ನು ಪೋಷಕ ದ್ರಾವಣ. 3ಟಿ3-ಎಲ್1 ಕೋಶಗಳಿಗೆ ಸಾಮಾನ್ಯವಾಗಿ ಕೊಡುವ ದ್ರಾವಣದಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುತ್ತದೆ. ಇದನ್ನು ನಮ್ಮ ರಕ್ತಪರೀಕ್ಷೆಯ ಭಾಷೆಗೆ ತಂದರೆ ಡೆಸಿಲೀಟರಿಗೆ 450 ಮಿಲಿಗ್ರಾಂ! ಈ ಸಭೆಯಲ್ಲಿ ಯಾರ ವರದಿಯಲ್ಲಾದರೂ ಆ ಅಂಕಿ ಬಂದರೆ ಮನೆಯವರು ಕೂಡಲೇ ಆಸ್ಪತ್ರೆಗೆ ಓಡುತ್ತಾರೆ. ಜೊತೆಗೆ ಉಪವಾಸದ ರಕ್ತದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಇನ್ಸುಲಿನ್. ಹೀಗೆ ಹುಟ್ಟಿನಿಂದಲೇ ಸಕ್ಕರೆಯಲ್ಲೂ ಇನ್ಸುಲಿನ್ನಿನಲ್ಲೂ ಮುಳುಗಿದ ಕೋಶವನ್ನು 'ಆರೋಗ್ಯವಂತ' ಎಂದು ಕರೆದು, ಅದಕ್ಕೆ ಹೋಲಿಸಿ ರೋಗವನ್ನು ಅಳೆಯುವುದು ಎಷ್ಟು ಸರಿ?

ತಟ್ಟೆ ಬೇಡವೆಂದರೆ ಇಲಿ ಇದೆಯಲ್ಲ ಎನ್ನಬಹುದು. ಇಲಿ ನಮಗೆ ಬಹಳ ಕಲಿಸಿದೆ, ದಾರಿಯನ್ನೂ ತಪ್ಪಿಸಿದೆ. ಪ್ರಯೋಗಾಲಯದ 20–22 ಡಿಗ್ರಿ ನಮಗೆ ಹಿತವಾದರೂ ಸುಮಾರು 30 ಡಿಗ್ರಿ ಬಯಸುವ ಇಲಿಗೆ ಚಳಿ. ಮೈ ಬಿಸಿಯಿಡಲು ಅದು ಸದಾ ಕೊಬ್ಬು ಉರಿಸುತ್ತಿರುತ್ತದೆ. ಕೊಬ್ಬಿನ ಕೋಶದ ಮೇಲಿನ ಬೀಟಾ-3 ಗ್ರಾಹಕವನ್ನು ಪ್ರಚೋದಿಸಿ ಇಲಿಗಳ ಮೈಯಿಳಿಸಿದ ರಾಸಾಯನಿಕಗಳು ಮನುಷ್ಯರಲ್ಲಿ ಸೋತವು. ತದ್ವಿರುದ್ಧವಾಗಿ, ಹೃದಯ ಸ್ರವಿಸುವ ನೇಟ್ರಿಯುರೆಟಿಕ್ ಪೆಪ್ಟೈಡ್ ಮನುಷ್ಯನ ಕೊಬ್ಬಿನ ಕೋಶದಲ್ಲಿ ಕೊಬ್ಬನ್ನು ಚೆನ್ನಾಗಿ ಒಡೆಸುತ್ತದೆಂದೂ ಇಲಿಯ ಜಾತಿಯ ಪ್ರಾಣಿಗಳಲ್ಲಿ ಹಾಗಾಗದೆಂದೂ ಫ್ರಾನ್ಸಿನ ಟುಲೂಸ್ ನಗರದ ಸಂಶೋಧಕರು 2000ದ ಸುಮಾರಿಗೆ ತೋರಿಸಿದರು. ಇಲಿಯನ್ನು ಮಾತ್ರ ನೋಡಿಕೊಂಡಿದ್ದರೆ ಹೃದಯಕ್ಕೂ ಕೊಬ್ಬಿಗೂ ಇರುವ ಈ ನಂಟು ಕಣ್ಣಿಗೇ ಬೀಳುತ್ತಿರಲಿಲ್ಲ.

ಮಾನವ ಕೋಶ ಬೇಕು, ಮೆತ್ತನೆಯ ಮನೆ ಬೇಕು. ಕೋಶದ ಸಮಸ್ಯೆ 2001ರ ಹೊತ್ತಿಗೆ ಹಗುರವಾಯಿತು. ಲೈಪೋಸಕ್ಷನ್ ಶಸ್ತ್ರಚಿಕಿತ್ಸೆಯಲ್ಲಿ ಹೀರಿ ತೆಗೆದು ಎಸೆಯುವ ಕೊಬ್ಬಿನಲ್ಲಿ ಆಕರಕೋಶಗಳು ಹೇರಳವಾಗಿವೆಯೆಂದು ಲಾಸ್ ಏಂಜಲೀಸ್ ಮತ್ತು ಪಿಟ್ಸ್‌ಬರ್ಗಿನ ಸಂಶೋಧಕರು ಸಾಧಿಸಿದರು. ರಾಡ್‌ಬೆಲ್ ತೇಲುವುದನ್ನು ಇಟ್ಟುಕೊಂಡರು. ಇವರಿಗೆ ಬೇಕಾದದ್ದು ತಳ ಸೇರಿದ್ದು. ಮನೆ ಕಟ್ಟುವ ಯತ್ನಗಳು ಅದಕ್ಕೂ ಮುಂಚೆಯೇ ಶುರುವಾಗಿದ್ದವು: ದೇಹದಲ್ಲಿ ಕರಗುವ ಹೊಲಿಗೆದಾರದ ಜಾತಿಯ ಪಾಲಿಮರಿನ ಹಂದರಗಳಲ್ಲಿ ಇಲಿಯ ಪೂರ್ವಕೋಶಗಳನ್ನು 1999ರ ವೇಳೆಗೆ ಬೆಳೆಸಿದ್ದರು. ಆಗಿನ ಗುರಿ ಬೇರೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ತಗ್ಗಾದ ಜಾಗ ತುಂಬುವುದು. ಚಯಾಪಚಯದ ಅಧ್ಯಯನಕ್ಕೆ ಹಂದರವನ್ನು ಬಳಸುವ ಯೋಚನೆ ಬಲವಾದದ್ದು ಆಮೇಲೆ.

ಇಲ್ಲಿ ರೇಷ್ಮೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್ ಅವರ ತಂಡ ದಶಕಗಳಿಂದ ರೇಷ್ಮೆಯನ್ನು ಅಂಗಾಂಶಗಳಿಗೆ ಹಂದರವಾಗಿ ಪಳಗಿಸುತ್ತ ಬಂದಿದೆ. ಹಿಪ್ಪುನೇರಳೆ ತಿನ್ನುವ ಅದೇ ಬಾಂಬಿಕ್ಸ್ ಮೋರಿ ಹುಳು, ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ಅದೇ ಗೂಡು. ಗೂಡನ್ನು ಕತ್ತರಿಸಿ, ತೆಳುವಾದ ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಅರ್ಧ ಗಂಟೆ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಟ್ಟುಹೋಗುತ್ತದೆ. ಉಳಿದ ಫೈಬ್ರೋಯಿನ್ ನೂಲು ನೀರಿಗೆ ಜಗ್ಗುವಂಥದಲ್ಲ. ಅದನ್ನು ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ 60 ಡಿಗ್ರಿ ಶಾಖದಲ್ಲಿಟ್ಟು ಕರಗಿಸುತ್ತಾರೆ. ಆ ಬಳಿಕ ಎರಡು ದಿನ ನೀರು ಬದಲಿಸುತ್ತಾ ಲವಣವನ್ನು ಸೋಸಿ ತೆಗೆದರೆ ಸಿಗುವುದು ತಿಳಿಯಾದ ಪ್ರೋಟೀನು ದ್ರವ. ಇದನ್ನು ಜರಡಿ ಹಿಡಿದ ಉಪ್ಪಿನ ಹರಳುಗಳ ಮೇಲೆ ಹೊಯ್ದರೆ ಹರಳುಗಳ ಸುತ್ತ ರೇಷ್ಮೆ ಗಟ್ಟಿಯಾಗುತ್ತದೆ. ಕೊನೆಗೆ ನೀರಿನಲ್ಲಿ ನೆನೆಸಿದಾಗ ಉಪ್ಪು ಕರಗಿ, ಹರಳಿದ್ದ ಕಡೆಯೆಲ್ಲ ರಂಧ್ರ ಉಳಿಯುತ್ತದೆ. ಹರಳಿನ ಗಾತ್ರವೇ ರಂಧ್ರದ ಗಾತ್ರ. ಕೊಬ್ಬಿಗೆ ಅರ್ಧ ಮಿಲಿಮೀಟರಿನ ಆಸುಪಾಸು ಬೇಕು, ಏಕೆಂದರೆ ಹಿಗ್ಗುವ ಕೋಶಗಳಿಗೆ ಜಾಗ ಬಿಡಬೇಕಷ್ಟೆ. ಯಂತ್ರದಲ್ಲೋ ರಾಸಾಯನಿಕದಲ್ಲೋ ದುಬಾರಿಯಾದದ್ದೇನೂ ಈ ಕ್ರಮದಲ್ಲಿಲ್ಲ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ಉತ್ಪಾದಿಸುವ ರಾಜ್ಯದಲ್ಲಿ ಕುಳಿತ ನಾವು ಈ ಗೂಡನ್ನು ಸೀರೆಗೆ ಮೀಸಲಿಟ್ಟು, ಹಂದರಕ್ಕೆ ಪರದೇಶದ ಕಿಟ್ಟು ತರಿಸುವುದು ನನಗಂತೂ ಸೋಜಿಗ.

ರೇಷ್ಮೆಯ ಹಂದರದ ಗುಣ ಎರಡು. ಅದು ಬೇಗ ಕರಗುವುದಿಲ್ಲ, ಆದ್ದರಿಂದ ಕೋಶಗಳಿಗೆ ಪೂರ್ತಿ ಬಲಿಯುವಷ್ಟು ಕಾಲ ಸಿಗುತ್ತದೆ. ಹಾಗೂ ಅದು ತೇಲುವ ಕೋಶಗಳನ್ನು ರಂಧ್ರಗಳಲ್ಲಿ ಹಿಡಿದಿಡುತ್ತದೆ. ಲೈಪೋಸಕ್ಷನ್ನಿನಲ್ಲಿ ಬಂದ ಕೊಬ್ಬನ್ನು ಕಿಣ್ವ ಹಾಕಿ ಬಿಡಿಸದೆ, ಅದರ ನೆರೆಹೊರೆಯ ಸಮೇತ ರೇಷ್ಮೆಯೊಳಗೆ ತುಂಬಿ, ಒಂದೇ ಹನಿಯ ಬಲಿತ ಕೋಶಗಳನ್ನು ತಿಂಗಳುಗಟ್ಟಲೆ ಕಾಪಾಡಿದ ವರದಿಗಳು ಕಳೆದ ದಶಕದಲ್ಲಿ ಬಂದವು. ತಟ್ಟೆಯಲ್ಲಿ ಒಂದೆರಡು ವಾರ ನಡೆಯುತ್ತಿದ್ದ ಪ್ರಯೋಗ ಇಲ್ಲಿ ಒಂದು ಋತುವಿನಷ್ಟು ಉದ್ದವಾಯಿತು.

ಬೇರೆ ಹಂದರಗಳೂ ಇವೆ. ಕೊಲ್ಯಾಜೆನ್ ಜೆಲ್, ಜೆಲಾಟಿನ್, ಕೋಶಗಳನ್ನು ತೊಳೆದು ತೆಗೆದ ಮಾನವ ಕೊಬ್ಬಿನ ನಾರಿನ ಬಲೆ, ಹಂದರವೇ ಇಲ್ಲದ ಕೋಶಗುಂಡುಗಳು. ಇಲಿಯ ಗೆಡ್ಡೆಯಿಂದ ತೆಗೆಯುವ ಮ್ಯಾಟ್ರಿಜೆಲ್ಲಿನಲ್ಲಿ ಕೋಶಗಳು ಚೆನ್ನಾಗಿ ಬೆಳೆಯುತ್ತವೆ, ಆದರೆ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂಬುದು ತಯಾರಿಯಿಂದ ತಯಾರಿಗೆ ಬದಲಾಗುವುದರಿಂದ ನನಗೆ ಅದರ ಮೇಲೆ ಹೆಚ್ಚು ಭರವಸೆಯಿಲ್ಲ.

ಹಂದರವೆಂದರೆ ನಿಷ್ಕ್ರಿಯವಾದ ಆಸರೆಯಲ್ಲ ಎಂಬುದಕ್ಕೆ ಇಲಿಯಿಂದಲೇ ಬಂದ ಒಂದು ಸಾಕ್ಷ್ಯವನ್ನು ಗಮನಿಸಿ. ಸ್ಥೂಲಕಾಯದಲ್ಲಿ ಕೊಬ್ಬಿನ ಕೋಶಗಳ ಸುತ್ತ ನಾರು ದಪ್ಪವಾಗುತ್ತದೆ; ಆರನೆಯ ಬಗೆಯ ಕೊಲ್ಯಾಜೆನ್ ಅದರಲ್ಲಿ ಮುಖ್ಯ. ಈ ಕೊಲ್ಯಾಜೆನ್ ಇಲ್ಲದ ಸ್ಥೂಲ ಇಲಿಗಳನ್ನು 2009ರಲ್ಲಿ ಪ್ರಕಟವಾದ ಅಧ್ಯಯನ ಪರಿಶೀಲಿಸಿತು. ನಾರಿನ ಬಿಗಿ ಸಡಿಲವಾದ್ದರಿಂದ ಕೋಶಗಳು ಇನ್ನಷ್ಟು ದೊಡ್ಡದಾದವು. ಆದರೆ ಉರಿಯೂತ ಕಡಿಮೆಯಾಯಿತು, ಸಕ್ಕರೆಯ ಹತೋಟಿ ಸುಧಾರಿಸಿತು. ದೊಡ್ಡ ಕೋಶವೆಂದರೆ ಕೆಟ್ಟ ಕೋಶ ಎಂಬ ಸರಳ ಸಮೀಕರಣ ಅಲ್ಲಿಗೆ ಮುರಿಯಿತು. ಹಿಗ್ಗಲು ಹೊರಟ ಕೋಶವನ್ನು ಹಿಗ್ಗಲು ಬಿಡದ ನೆರೆಹೊರೆಯೂ ರೋಗಕ್ಕೆ ಪಾಲುದಾರ. ಹೀಗಿರುವಾಗ ನಾವು ಆರಿಸುವ ಪ್ರತಿ ಹಂದರದ ಗಡಸುತನ, ರಂಧ್ರ, ಅಂಟು ಎಲ್ಲವೂ ದೇಹದ ಬಗ್ಗೆ ನಾವು ಮಾಡುವ ಊಹೆಗಳೇ. ಅವನ್ನು ಬಚ್ಚಿಡದೆ ಊಹೆಯೆಂದೇ ಹೇಳಿ, ಒಂದೊಂದನ್ನಾಗಿ ಬದಲಿಸಿ ನೋಡುವುದು ಪ್ರಾಮಾಣಿಕ ಪ್ರಯೋಗ.

ಬೆಳೆದದ್ದು ನಿಜವಾದ ಕೊಬ್ಬೇ ಎಂದು ತಿಳಿಯುವುದು ಹೇಗೆ? ಕೆಂಪು ಬಣ್ಣ ಹಾಕಿ ಎಣ್ಣೆಹನಿ ಕಂಡೊಡನೆ ಸಂತೋಷಪಡುವುದು ಬಹಳ ಕಡೆ ರೂಢಿ. ಅಷ್ಟಕ್ಕೇ ನಿಲ್ಲಬಾರದು. ಕೆಲಸದ ಪರೀಕ್ಷೆ ಬೇಕು. ಟ್ರೈಗ್ಲಿಸರೈಡ್ ಒಡೆದಾಗ ಕೊಬ್ಬಿನಾಮ್ಲಗಳೂ ಗ್ಲಿಸರಾಲೂ ಬರುತ್ತವೆ. ಕೊಬ್ಬಿನಾಮ್ಲವನ್ನು ಕೋಶ ಮತ್ತೆ ಬಳಸಿಕೊಳ್ಳಬಹುದು. ಗ್ಲಿಸರಾಲನ್ನು ಮರಳಿ ಬಳಸುವ ಕಿಣ್ವ ಕೊಬ್ಬಿನ ಕೋಶದಲ್ಲಿ ತೀರ ಕಡಿಮೆಯಾದ್ದರಿಂದ ಅದು ಹೊರಗಿನ ದ್ರಾವಣಕ್ಕೆ ಬರುತ್ತದೆ. ಆ ಗ್ಲಿಸರಾಲನ್ನು ಅಳೆದರೆ ಕೋಶ ಎಷ್ಟು ಕೊಬ್ಬು ಒಡೆಯಿತೆಂಬ ಲೆಕ್ಕ ಸಿಕ್ಕಂತೆ. ಅಡ್ರಿನಲಿನ್ ಜಾತಿಯ ಸಂಕೇತ ಕೊಟ್ಟಾಗ ಅದು ಏರಬೇಕು, ಇನ್ಸುಲಿನ್ ಕೊಟ್ಟಾಗ ಇಳಿಯಬೇಕು. ಏರದ, ಇಳಿಯದ ಕೊಬ್ಬು ಎಷ್ಟೇ ಅಂದವಾಗಿ ಕಂಡರೂ ಚಯಾಪಚಯದ ಸಂಶೋಧನೆಗೆ ಉಪಯೋಗವಿಲ್ಲ. ಲೆಪ್ಟಿನ್, ಅಡಿಪೊನೆಕ್ಟಿನ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತಿದೆಯೇ ಎಂಬುದು ಮುಂದಿನ ಮೆಟ್ಟಿಲು.

ಎರಡು ಕಷ್ಟಗಳು ಇನ್ನೂ ಬಗೆಹರಿದಿಲ್ಲ. ಒಂದು ಆಮ್ಲಜನಕ. ರಕ್ತನಾಳದಿಂದ ಸುಮಾರು 100–200 ಮೈಕ್ರಾನ್ ದೂರದಾಚೆ ಅದು ಸಾಕಷ್ಟು ತಲಪದು. ಹಿಗ್ಗಿದ ಒಂದು ಕೋಶದ ವ್ಯಾಸವೇ ಅಷ್ಟಿರುತ್ತದೆ. ಆದ್ದರಿಂದ ರಕ್ತನಾಳದ ಒಳಪದರದ ಕೋಶಗಳನ್ನೂ ಜೊತೆಗೆ ಬೆಳೆಸುತ್ತಾರೆ, ದ್ರಾವಣವನ್ನು ಹಂದರದ ಮೂಲಕ ಹರಿಸುತ್ತಾರೆ. ಇನ್ನೊಂದು ಕಾಲ. ಸ್ವೀಡನ್ನಿನ ಸಂಶೋಧಕರು 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ವಾತಾವರಣಕ್ಕೆ ಸೇರಿಸಿದ ಇಂಗಾಲ-14ನ್ನೇ ಗಡಿಯಾರ ಮಾಡಿಕೊಂಡು ಮನುಷ್ಯರ ಕೊಬ್ಬಿನ ಕೋಶಗಳ ವಯಸ್ಸು ಅಳೆದರು. 2008ರ ಆ ಲೆಕ್ಕದಂತೆ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಕೋಶಗಳು ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ, ಒಟ್ಟು ಸಂಖ್ಯೆ ಹೆಚ್ಚುಕಮ್ಮಿ ಸ್ಥಿರ. ವರ್ಷಗಳ ಲಯದಲ್ಲಿ ನಡೆಯುವ ಅಂಗಾಂಶವನ್ನು ತಿಂಗಳುಗಳಲ್ಲಿ ಓದುತ್ತಿದ್ದೇವೆ ಎಂಬ ಎಚ್ಚರ ಅಗತ್ಯ.

ಸಭಿಕರೇ, ಈ ವಿದ್ಯೆ ನಮಗೇಕೆ ಎಂಬ ಪ್ರಶ್ನೆಗೆ ಬರುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ರಾಷ್ಟ್ರವ್ಯಾಪಿ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿತು. ಇವರಲ್ಲಿ ಎಷ್ಟೋ ಮಂದಿ ಪಾಶ್ಚಾತ್ಯ ಅಳತೆಯಲ್ಲಿ ದಪ್ಪನೆಯವರಲ್ಲ. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಯುಡ್‌ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೆಳ್ಳಗಿದ್ದೂ ಕೊಬ್ಬು ಹೆಚ್ಚಿರುವ ಈ ಮೈ ಹುಟ್ಟಿನಿಂದಲೇ ಬರುತ್ತದೆ: ಪುಣೆಯ ಹತ್ತಿರದ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ ತೂಗಿದರೆ ಇಂಗ್ಲೆಂಡಿನ ಸೌತಾಂಪ್ಟನ್ನಿನವು 3.5 ಕಿಲೋ, ಇಷ್ಟು ಸಣ್ಣಗಿದ್ದೂ ನಮ್ಮ ಕೂಸುಗಳ ಬೆನ್ನಿನ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೂ ಇದನ್ನೇ ಕಂಡಿತು. ನಮ್ಮ ಊರಿನ ತಾಯಂದಿರು, ಮಕ್ಕಳು ಜಗತ್ತಿನ ವಿಜ್ಞಾನಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಇದು ದೊಡ್ಡದು, ನಾವು ಮಾತ್ರ ಅದನ್ನು ಹೆಚ್ಚು ಹೇಳಿಕೊಂಡಿಲ್ಲ.

ಇದಕ್ಕೆ ಕೊಡುವ ಒಂದು ವಿವರಣೆ ಹೀಗಿದೆ. ದಕ್ಷಿಣ ಏಷ್ಯಾದವರಲ್ಲಿ ಚರ್ಮದಡಿಯ ಕೊಬ್ಬಿನ ಸಂಗ್ರಹಶಕ್ತಿ ಬೇಗ ಮುಗಿಯುತ್ತದೆ. ಹೊಸ ಕೋಶಗಳು ಹುಟ್ಟುವ ಬದಲು ಇದ್ದವೇ ಹಿಗ್ಗುತ್ತವೆ. ತುಂಬಿದ ಮೇಲೆ ಉಳಿದದ್ದು ಯಕೃತ್ತು, ಸ್ನಾಯು, ಹೊಟ್ಟೆಯೊಳಗೆ ಹರಿಯುತ್ತದೆ. ದಕ್ಷಿಣ ಏಷ್ಯಾ ಮೂಲದವರ ಚರ್ಮದಡಿಯ ಕೊಬ್ಬಿನ ಕೋಶಗಳು ಸರಾಸರಿ ದೊಡ್ಡವೆಂದು ಹೊರದೇಶಗಳ ಅಧ್ಯಯನಗಳು ಹೇಳುವುದು ಇದಕ್ಕೆ ಹೊಂದುತ್ತದೆ. ಆದರೆ ಇದು ಕೋಶದ ಹುಟ್ಟುಗುಣವೋ? ಗರ್ಭದಲ್ಲಿ ತಾಯಿಯ ಪೋಷಣೆ ಕೊರೆದ ಗುರುತೋ? ನಾರು, ರಕ್ತನಾಳ, ಉರಿಯೂತಗಳ ನೆರೆಹೊರೆಯೋ? ಅಥವಾ ಈಗಿನ ಊಟ, ನಡಿಗೆಗಳ ಫಲವೋ? ಮನುಷ್ಯರನ್ನು ಅಳೆಯುತ್ತಿದ್ದರೆ ಇವೆಲ್ಲ ಒಟ್ಟಿಗೇ ಬರುತ್ತವೆ, ಬಿಡಿಸಲಾಗದು.

ಹಂದರದಲ್ಲಿ ಬಿಡಿಸಬಹುದು. ಒಂದೇ ವಯಸ್ಸಿನ, ಒಂದೇ ದೇಹತೂಕ ಸೂಚ್ಯಂಕದ, ದಕ್ಷಿಣ ಏಷ್ಯಾ ಮೂಲದ ಮತ್ತು ಬೇರೆ ಮೂಲದ ಎರಡು ಗುಂಪಿನವರಿಂದ ಪೂರ್ವಕೋಶ ಪಡೆದು, ಒಂದೇ ರೇಷ್ಮೆ, ಒಂದೇ ದ್ರಾವಣ, ಮನುಷ್ಯನಿಗೆ ಸಲ್ಲುವ ಮಟ್ಟದ ಗ್ಲೂಕೋಸಿನಲ್ಲಿ ಬೆಳೆಸಿ, ಹಂತಹಂತವಾಗಿ ಕೊಬ್ಬಿನಾಮ್ಲ ಉಣಿಸುತ್ತ ಹೋದರೆ ಯಾರ ಕೋಶ ಎಲ್ಲಿ 'ಇನ್ನು ಸಾಕು' ಎನ್ನುತ್ತದೆಂದು ಕಾಣುತ್ತದೆ. ವ್ಯತ್ಯಾಸ ಹಂದರದಲ್ಲೂ ಉಳಿದರೆ ಅದು ಕೋಶದೊಳಗಿನದು. ಅಳಿಸಿಹೋದರೆ ನೆರೆಹೊರೆಯದು, ಆಗ ಹಂದರವನ್ನು ಗಡಸು ಮಾಡಿ, ಉರಿಯೂತದ ಕೋಶ ಸೇರಿಸಿ ಅದನ್ನು ಮರಳಿ ತರಲಾದೀತೇ ಎಂದು ನೋಡಬೇಕು. ಕೋಶಗಳಿಗೆ ತಾವು ಬಂದ ಜಾಗದ ನೆನಪು ಇರುತ್ತದೆಂಬುದಕ್ಕೆ ಈಗಾಗಲೇ ಆಧಾರವಿದೆ: ಹೊಟ್ಟೆಯೊಳಗಿನ ಮತ್ತು ಚರ್ಮದಡಿಯ ಪೂರ್ವಕೋಶಗಳನ್ನು ದೇಹದ ಹೊರಗೆ ಎಷ್ಟೋ ತಲೆಮಾರು ಬೆಳೆಸಿದರೂ ಅವುಗಳ ನಡವಳಿಕೆಯ ಅಂತರ ಉಳಿಯುತ್ತದೆ. ಹಾಗಾಗಿ ಈ ಪ್ರಯೋಗ ಬರಿಗೈಯಲ್ಲಿ ಮರಳಲಾರದು.

ಕಾನೂನೂ ಈ ಕಡೆಗೆ ತಿರುಗಿದೆ. ಅಮೆರಿಕ 2022ರ ಡಿಸೆಂಬರಿನಲ್ಲಿ, ಭಾರತ 2023ರ ಮಾರ್ಚಿನಲ್ಲಿ, ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಜೊತೆಗೆ ಅಥವಾ ಬದಲಿಗೆ ಮಾನವ ಕೋಶಗಳ ಮಾದರಿಗಳನ್ನು ಒಪ್ಪುವಂತೆ ನಿಯಮ ತಿದ್ದಿದವು. ಉತ್ಸಾಹ ಸರಿಯೇ. ಆದರೆ ಒಂದು ಹಂದರದ ಕೊಬ್ಬು ಯಕೃತ್ತಿನೊಡನೆ, ಮಿದುಳಿನೊಡನೆ ಮಾತಾಡುವುದಿಲ್ಲ. ಇಡೀ ಪ್ರಾಣಿಯನ್ನು ಅದು ಪೂರ್ತಿ ಬದಲಿಸುವ ದಿನ ಇನ್ನೂ ಬಂದಿಲ್ಲ.

ಬೆಂಗಳೂರಿನಂಥ ನಗರಗಳ ಆಸ್ಪತ್ರೆಗಳಲ್ಲಿ ಲೈಪೋಸಕ್ಷನ್, ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗಳು ದಿನವೂ ನಡೆಯುತ್ತವೆ. ತೆಗೆದ ಕೊಬ್ಬು ತ್ಯಾಜ್ಯದ ಚೀಲ ಸೇರುತ್ತದೆ. ಅದನ್ನು ಸಂಶೋಧನೆಗೆ ಪಡೆಯುವುದಾದರೆ ದಾನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದ ಒಪ್ಪಿಗೆಪತ್ರ, ವಯಸ್ಸು, ಲಿಂಗ, ಸೊಂಟದ ಸುತ್ತಳತೆ, ಸಕ್ಕರೆಯ ಮಟ್ಟ, ಸಾಧ್ಯವಾದರೆ ಜನನ ತೂಕ, ಕೊಬ್ಬು ಬಂದ ಜಾಗ, ಇಷ್ಟನ್ನೂ ಕೋಶದ ಸೀಸೆಯೊಡನೆ ದಾಖಲಿಸಬೇಕು. ಇನ್ನೊಂದು ಎಚ್ಚರವೂ ಬೇಕು: ಇಂಥ ಶಸ್ತ್ರಚಿಕಿತ್ಸೆಗೆ ಬರುವವರು ಹೆಚ್ಚಾಗಿ ಅನುಕೂಲಸ್ಥರು, ದಪ್ಪನೆಯವರು. ನಮಗೆ ಬೇಕಾದ ತೆಳ್ಳಗಿನ ಮಧುಮೇಹಿಯ ಕೊಬ್ಬು ಅಲ್ಲಿ ಸಿಗುವುದು ಅಪರೂಪ. ಅದಕ್ಕೆ ಹರ್ನಿಯಾ, ಪಿತ್ತಕೋಶ, ಸಿಸೇರಿಯನ್ ಶಸ್ತ್ರಚಿಕಿತ್ಸೆಗಳಾಗುವ ಜಿಲ್ಲಾಸ್ಪತ್ರೆಗಳ ಕಡೆ ಹೋಗಬೇಕಾಗುತ್ತದೆ.